ಬೆಟ್ಟಕ್ಕೆ ಹಗಲು, ಬಯಲಿಗೆ ಇರುಳು

ಓದುಗರ ಪ್ರಶ್ನೆ, ವಿಯೆನ್ನಾದಿಂದ ಉತ್ತರ

ರಜೆ ಹತ್ತಿರ ಬಂದಂತೆ ಈ ಅಂಕಣಕ್ಕೆ ಬರುವ ಪತ್ರಗಳ ಧಾಟಿಯೇ ಬದಲಾಗುತ್ತದೆ. ವೀಸಾದ ಚಿಂತೆ ಮುಗಿದವರಿಗೆ ಊರಿಂದ ಊರಿಗೆ ಹೋಗುವ ಚಿಂತೆ ಶುರುವಾಗಿರುತ್ತದೆ. ರಾತ್ರಿ ರೈಲೋ, ಹಗಲು ರೈಲೋ, ವಿಮಾನವೋ ಎಂದು ಕೇಳಿದವರ ಪತ್ರಗಳನ್ನಷ್ಟೇ ಈ ಸಲ ಆರಿಸಿಕೊಂಡಿದ್ದೇನೆ. ನಾನು ತೀರ್ಥಹಳ್ಳಿಯವಳು, ಸಂಸಾರ ವಿಯೆನ್ನಾದಲ್ಲಿ. ರೈಲೇ ಇಲ್ಲದ ಊರಿನಲ್ಲಿ ಬೆಳೆದ ಕಾರಣಕ್ಕೋ ಏನೋ, ರೈಲಿನ ಕಡೆ ನನ್ನ ತಕ್ಕಡಿ ಸ್ವಲ್ಪ ವಾಲುತ್ತದೆ. ಓದುವಾಗ ಅದನ್ನು ಕಳೆದುಕೊಂಡು ಓದಿ.

● ನಾವಿಬ್ಬರೂ ನಿವೃತ್ತರು. ಸೆಪ್ಟೆಂಬರಿನಲ್ಲಿ ಪ್ಯಾರಿಸ್, ಇಂಟರ್‌ಲಾಕೆನ್, ವೆನಿಸ್, ರೋಮ್, ಕೊನೆಗೆ ವಿಯೆನ್ನಾ ನೋಡಿ ವಾಪಸ್. ಎಲ್ಲ ಕಡೆ ವಿಮಾನ ಹಿಡಿಯಿರಿ ಅನ್ನುತ್ತಾನೆ ಮಗ. ಪ್ರತಿ ಸಲ ರಾತ್ರಿ ರೈಲು ಹತ್ತಿದರೆ ನಾಲ್ಕು ರಾತ್ರಿಯ ಹೋಟೆಲ್ ಬಾಡಿಗೆ ಉಳಿಯುತ್ತದಲ್ಲ ಅನ್ನುವುದು ನನ್ನ ಲೆಕ್ಕ. ಯಾರದು ಸರಿ?
— ದಾವಣಗೆರೆಯ ಓದುಗರು

ಸರ್, ಇಬ್ಬರದೂ ಅಲ್ಲ. ಹೋಟೆಲ್ ಬಾಡಿಗೆ ಉಳಿಸಲೆಂದು ರಾತ್ರಿ ರೈಲು ಹತ್ತಲೇಬೇಡಿ. ಇಲ್ಲಿನ ರಾತ್ರಿ ರೈಲಿನಲ್ಲಿ ಮೂರು ದರ್ಜೆ. ಒಂದು, ಬರೀ ಕೂರುವ ಸೀಟು. ಇನ್ನೊಂದು ಕುಶೆಟ್: ನಾಲ್ಕು ಅಥವಾ ಆರು ಬರ್ತಿನ ಕಂಪಾರ್ಟ್‌ಮೆಂಟ್, ನಮ್ಮ ತ್ರೀ ಟಯರ್‌ಗೆ ಬಾಗಿಲು ಕೂರಿಸಿದ ಹಾಗೆ. ಮೂರನೆಯದು ಸ್ಲೀಪರ್: ಒಬ್ಬರಿಂದ ಮೂವರಿಗೆ ನಿಜವಾದ ಹಾಸಿಗೆ, ಒಳಗೇ ಮುಖ ತೊಳೆಯುವ ಬೇಸಿನ್. ನಮ್ಮಲ್ಲಿ ಸ್ಲೀಪರ್ ಅಂದರೆ ಅಗ್ಗದ ಬೋಗಿ, ಇಲ್ಲಿ ಎಲ್ಲಕ್ಕಿಂತ ದುಬಾರಿ. ಬುಕ್ ಮಾಡುವಾಗ ನೆನಪಿರಲಿ. ನಿಮ್ಮ ವಯಸ್ಸಿಗೆ ಸೀಟಿನ ಮಾತೇ ಬೇಡ. ಕುಶೆಟ್‌ನಲ್ಲಿ ಕೆಳಗಿನ ಬರ್ತ್ ಇಬ್ಬರಿಗೂ ಸಿಗದಿದ್ದರೆ ಒಬ್ಬರು ಏಣಿ ಹತ್ತಬೇಕು. ಉಳಿದದ್ದು ಇಬ್ಬರ ಸ್ಲೀಪರ್. ತಿಂಗಳುಗಳ ಮುಂಚೆ ಕೊಂಡರೂ ಅದರ ದರ ಹಗಲು ರೈಲಿನ ಟಿಕೆಟ್ಟು ಮತ್ತು ಸಾಧಾರಣ ಹೋಟೆಲಿನ ಒಂದು ರಾತ್ರಿ, ಎರಡೂ ಸೇರಿದಷ್ಟು ಆಗುವುದೇ ಹೆಚ್ಚು. ಅದೂ ಅಲ್ಲದೆ, ಬೆಳಗ್ಗೆ ಎಂಟಕ್ಕೆ ಇಳಿದರೆ ಹೋಟೆಲಿನವರು ರೂಮಿನ ಬೀಗದ ಕೈ ಕೊಡುವುದು ಮಧ್ಯಾಹ್ನ ಎರಡಕ್ಕೋ ಮೂರಕ್ಕೋ. ಸ್ನಾನವಿಲ್ಲದೆ, ಅರ್ಧ ನಿದ್ದೆಯಲ್ಲಿ ನಾಲ್ಕು ದಿನ ಊರು ಸುತ್ತಿದರೆ ಐದನೆಯ ದಿನ ಚರ್ಚೂ ಬೇಡ, ಚಿತ್ರಶಾಲೆಯೂ ಬೇಡ ಅನ್ನಿಸಿಬಿಡುತ್ತದೆ.

ಹಾದಿ ಆರಿಸುವಾಗ ನಾನು ಕೇಳಿಕೊಳ್ಳುವುದು ಇಷ್ಟೇ: ನಡುವೆ ಏನಿದೆ? ಬೆಟ್ಟವಿದ್ದರೆ ಹಗಲು ರೈಲು, ಬರೀ ಬಯಲಿದ್ದರೆ ರಾತ್ರಿ ರೈಲು, ಕಡಲಿದ್ದರೆ ವಿಮಾನ. ನಿಮ್ಮ ನಾಲ್ಕು ಹಾದಿಗಳನ್ನು ಇದಕ್ಕೆ ಹಚ್ಚಿ ನೋಡೋಣ.

ಪ್ಯಾರಿಸ್‌ನಿಂದ ಇಂಟರ್‌ಲಾಕೆನ್‌ಗೆ ಗಾರ್ ದ ಲಿಯೋಂ ನಿಲ್ದಾಣದಿಂದ ಟಿಜಿವಿ ಎಂಬ ಫ್ರಾನ್ಸಿನ ವೇಗದ ರೈಲು ಹಿಡಿದರೆ ಮೂರು ಗಂಟೆಯಲ್ಲಿ ಬಾಸೆಲ್. ಅಲ್ಲಿ ರೈಲು ಬದಲಿಸಿದರೆ ಇನ್ನೆರಡು ಗಂಟೆ. ಮಗ ಹೇಳಿದಂತೆ ಜ್ಯೂರಿಕ್‌ಗೆ ಹಾರಿದರೂ ಅಲ್ಲಿಂದ ಇಂಟರ್‌ಲಾಕೆನ್‌ಗೆ ಎರಡು ಗಂಟೆಗೂ ಹೆಚ್ಚು ರೈಲಿನಲ್ಲೇ ಹೋಗಬೇಕು. ಹಾರಿ ಉಳಿಸಿದ್ದೇನು?

ಇಂಟರ್‌ಲಾಕೆನ್‌ನಿಂದ ವೆನಿಸ್‌ಗೆ ಹೋಗುವ ದಿನವನ್ನು ಪ್ರಯಾಣ ಅಂತ ಲೆಕ್ಕ ಹಾಕಬೇಡಿ, ಪ್ರವಾಸವೇ ಅಂದುಕೊಳ್ಳಿ. ಇಂಟರ್‌ಲಾಕೆನ್ ಹತ್ತಿರದ ಶ್ಪೀಟ್ಸ್‌ನಲ್ಲಿ ಮಿಲಾನಿನ ರೈಲು ಹತ್ತಿದರೆ ಆಲ್ಪ್ಸ್ ದಾಟುವುದು ಸಿಂಪ್ಲಾನ್ ಸುರಂಗದಲ್ಲಿ. ಸುಮಾರು 20 ಕಿ.ಮೀ. ಉದ್ದದ, 1906ರಲ್ಲಿ ತೆರೆದ ಸುರಂಗ ಅದು. ಈಚೆ ಬಂದರೆ ಇಟಲಿ. ದೊಮೊದೊಸ್ಸೊಲಾ ದಾಟಿದ ಮೇಲೆ ಎಡಗಡೆ ಕಿಟಕಿಯಲ್ಲಿ ಮಾಜ್ಜೋರೆ ಸರೋವರ ಬರುತ್ತದೆ, ಹಾಗಾಗಿ ಮೊದಲೇ ಎಡಗಡೆ ಕೂತಿರಿ. ಮಿಲಾನಿನಲ್ಲಿ ಬದಲಿಸಿದರೆ ಎರಡೂವರೆ ಗಂಟೆಗೆ ವೆನಿಸ್. ಮೆಸ್ತ್ರೆಯಲ್ಲಿ ಎಲ್ಲರೂ ಏಳುತ್ತಾರೆಂದು ನೀವೂ ಏಳಬೇಡಿ, ಅದು ಇನ್ನೂ ನೆಲದ ಮೇಲಿನ ಊರು. ಕೊನೆಯ ನಿಲ್ದಾಣ ಸಾಂತಾ ಲುಚೀಯಾ. ಅದರ ಮೆಟ್ಟಿಲಿಳಿದರೆ ಎದುರಿಗೇ ದೊಡ್ಡ ಕಾಲುವೆ, ದೋಣಿ. ವಿಮಾನದಲ್ಲಿ ಬಂದವರಿಗೆ ಮೊದಲು ಸಿಗುವುದು ಬಸ್ ಸ್ಟ್ಯಾಂಡು.

ವೆನಿಸ್–ರೋಮ್ ವೇಗದ ರೈಲಿನಲ್ಲಿ ನಾಲ್ಕು ಗಂಟೆ. ಫ್ರೆಚ್ಚಾರೋಸ್ಸಾ, ಇತಾಲೋ ಎಂಬ ಎರಡು ಸಂಸ್ಥೆಯ ರೈಲುಗಳ ನಡುವೆ ಪೈಪೋಟಿ ಇರುವುದರಿಂದ ಬೇಗ ಕೊಂಡವರಿಗೆ ದರ ಇಳಿದಿರುತ್ತದೆ.

ಕೊನೆಯದು ರೋಮ್–ವಿಯೆನ್ನಾ. ಇಲ್ಲಿ ನನ್ನ ಸೂತ್ರ ನಡೆಯುವುದಿಲ್ಲ. ನಡುವೆ ಬೆಟ್ಟವೇನೋ ಇದೆ, ಆದರೆ ಹಗಲಲ್ಲಿ ಹೋದರೆ ಬೆಳಗಿನಿಂದ ರಾತ್ರಿಯವರೆಗೆ ರೈಲಿನಲ್ಲೇ ಕಾಲ ಹೋಗುತ್ತದೆ. ಆಸ್ಟ್ರಿಯಾದ ರೈಲ್ವೆಯವರ ನೈಟ್‌ಜೆಟ್ ಸಂಜೆ ರೋಮ್ ಬಿಟ್ಟು ಬೆಳಗ್ಗೆ ವಿಯೆನ್ನಾ ತಲುಪುತ್ತದೆ. ನಿಮ್ಮ ಇಡೀ ಪ್ರವಾಸದಲ್ಲಿ ರಾತ್ರಿ ರೈಲಿಗೆ ನಾನು ಒಪ್ಪುವುದು ಇದೊಂದಕ್ಕೆ. ಇಬ್ಬರ ಸ್ಲೀಪರ್ ತೆಗೆದುಕೊಳ್ಳಿ. ಊಟ ಕಟ್ಟಿಸಿಕೊಂಡೇ ಹತ್ತಿ, ಊಟದ ಬೋಗಿ ಇರುವುದಿಲ್ಲ. ಬೆಳಗ್ಗೆ ತಿಂಡಿ ಕೊಡುತ್ತಾರೆ. ಕುಶೆಟ್‌ನವರಿಗೆ ಬನ್ನು, ಬೆಣ್ಣೆ, ಜ್ಯಾಮು, ಕಾಫಿ. ಸ್ಲೀಪರ್‌ನವರಿಗೆ ಪಟ್ಟಿ ಕೊಟ್ಟು ಬೇಕಾದ್ದನ್ನು ಗುರುತು ಹಾಕಿ ಅನ್ನುತ್ತಾರೆ. ಟಿಕೆಟ್ಟಿನಲ್ಲಿ ಬರೆದ ಬೋಗಿಯಲ್ಲೇ ಮಲಗಿರಿ ಅನ್ನುವುದನ್ನೂ ಹೇಳಬೇಕು. ಬೇರೆ ಬೇರೆ ಊರಿಂದ ಬಂದ ರಾತ್ರಿ ರೈಲುಗಳ ಬೋಗಿಗಳನ್ನು ನಡುರಾತ್ರಿ ಬಿಚ್ಚಿ, ಬೇರೆ ರೈಲಿಗೆ ಜೋಡಿಸುವ ಪದ್ಧತಿ ಇದೆ. ಪಕ್ಕದ ಬೋಗಿ ಖಾಲಿ ಇದೆಯೆಂದು ಕಾಲು ಚಾಚಿದವರು ಬೆಳಗ್ಗೆ ಕಣ್ಣು ಬಿಡುವುದು ಬೇರೆ ದೇಶದಲ್ಲಿ.

ಬೆಟ್ಟ ತಪ್ಪಿಹೋಯಿತೆಂದು ಬೇಜಾರಾದರೆ ವಿಯೆನ್ನಾದಿಂದ ಒಂದು ಹಗಲು ಸೆಮ್ಮರಿಂಗ್‌ಗೆ ಹೋಗಿಬನ್ನಿ, ಒಂದೂಕಾಲು ಗಂಟೆಯ ಆಸುಪಾಸು. 1848ರಿಂದ 1854ರವರೆಗೆ ಕಟ್ಟಿದ 41 ಕಿ.ಮೀ. ಬೆಟ್ಟದ ರೈಲು ಹಾದಿ, 1998ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದೆ. ಕಟ್ಟಿಸಿದ ಎಂಜಿನಿಯರ್ ಕಾರ್ಲ್ ಫಾನ್ ಗೇಗಾ ಹುಟ್ಟಿದ್ದು ವೆನಿಸ್‌ನಲ್ಲಿ. ಕೆಲಸ ಶುರುವಾದಾಗ ಅಂಥ ಏರನ್ನು ಹತ್ತಬಲ್ಲ ಎಂಜಿನ್ನೇ ಇರಲಿಲ್ಲ. ಹಳಿ ಹಾಕುತ್ತಾ ಹಾಕುತ್ತಾ 1851ರಲ್ಲಿ ಎಂಜಿನ್ನುಗಳ ಸ್ಪರ್ಧೆ ಇಟ್ಟರು. ಈ ಮನುಷ್ಯನ ಧೈರ್ಯ ನೆನೆದಾಗಲೆಲ್ಲ ನನಗೆ ನಗು ಬರುತ್ತದೆ, ಗೌರವದ ನಗು.

ಹಲವು ದೇಶಗಳ ರೈಲಿಗೆ ಒಂದೇ ಸಲ ಕೊಳ್ಳುವ ಯೂರೇಲ್ ಪಾಸು ನಿಮಗೆ ಬೇಕಿಲ್ಲ. 60 ದಾಟಿದವರಿಗೆ ರಿಯಾಯಿತಿ ಇದೆ, ನಿಜ. ಆದರೆ ಟಿಜಿವಿಗೂ ಇಟಲಿಯ ವೇಗದ ರೈಲಿಗೂ ರಾತ್ರಿ ರೈಲಿಗೂ ಪಾಸಿನ ಮೇಲೆ ಮತ್ತೆ ರಿಸರ್ವೇಷನ್ ದುಡ್ಡು ತೆರಬೇಕು. ದಿನ ಗೊತ್ತಿರುವ ನಾಲ್ಕು ಪ್ರಯಾಣಕ್ಕೆ ಬಿಡಿ ಟಿಕೆಟ್ಟೇ ವಾಸಿ.

● ಬರ್ನಿನಾ ಎಕ್ಸ್‌ಪ್ರೆಸ್‌ನಲ್ಲಿ ಸೀಟು ಸಿಗಲಿಲ್ಲ. ಪ್ರವಾಸವನ್ನೇ ಮುಂದೂಡಬೇಕೇ?
— ಮಂಗಳೂರಿನ ಓದುಗರು

ಖಂಡಿತ ಬೇಡ. ಸ್ವಿಟ್ಜರ್ಲೆಂಡಿನ ಸೇಂಟ್ ಮೊರಿಟ್ಸ್‌ನಿಂದ ಇಟಲಿಯ ತಿರಾನೋಗೆ ಅದೇ ಹಳಿಯ ಮೇಲೆ ಸಾಮಾನ್ಯ ರೈಲುಗಳು ದಿನವಿಡೀ ಓಡುತ್ತವೆ. ಅದೇ 2,253 ಮೀಟರ್ ಎತ್ತರ, ಅದೇ ಹಿಮನದಿ, ಬ್ರೂಸಿಯೋದಲ್ಲಿ ರೈಲು ತನ್ನ ಬಾಲದ ಕೆಳಗೇ ನುಸುಳುವ ಅದೇ ಸುತ್ತು ಸೇತುವೆ. ರಿಸರ್ವೇಷನ್ ಬೇಡ. ಗಾಜಿನ ಛಾವಣಿಯ ದುಬಾರಿ ಬೋಗಿಯಲ್ಲಿ ಕಿಟಕಿ ತೆಗೆಯಲಾಗದು, ಸಾಮಾನ್ಯ ರೈಲಿನ ಹಲವು ಬೋಗಿಗಳಲ್ಲಿ ತೆಗೆಯಬಹುದು. ಫೋಟೋ ಹುಚ್ಚಿನವರಾದರೆ ನಿಮಗೆ ಸೀಟು ಸಿಗದೆ ಹೋದದ್ದೇ ಒಳ್ಳೆಯದಾಯಿತು.

● ಮಗಳು ಹ್ಯಾಂಬರ್ಗ್‌ನಲ್ಲಿ ಎಂ.ಎಸ್. ಓದುತ್ತಿದ್ದಾಳೆ. ಡಿಸೆಂಬರ್ ರಜೆಗೆ ಒಬ್ಬಳೇ ರಾತ್ರಿ ರೈಲಿನಲ್ಲಿ ವಿಯೆನ್ನಾಕ್ಕೆ ಹೋಗುತ್ತಾಳಂತೆ, ಅದೂ ಕೂರುವ ಸೀಟಿನಲ್ಲಿ. ನನಗೆ ನಿದ್ದೆ ಇಲ್ಲ.
— ಹಾಸನದ ಓದುಗರು

ಅಮ್ಮಾ, ಹೋಗಲಿ ಬಿಡಿ, ಆದರೆ ಸೀಟಿನಲ್ಲಿ ಬೇಡ. ನೀವು ಹೆದರುವ ಕಾರಣಕ್ಕಲ್ಲ. ಹನ್ನೆರಡು ಗಂಟೆ ನೆಟ್ಟಗೆ ಕೂತು, ಪ್ರತಿ ನಿಲ್ದಾಣದಲ್ಲಿ ಹತ್ತಿ ಇಳಿಯುವವರ ಗದ್ದಲದಲ್ಲಿ ಬ್ಯಾಗು ಕಾಯುತ್ತಾ ಬಂದವಳಿಗೆ ವಿಯೆನ್ನಾ ನೋಡುವ ತ್ರಾಣವೇ ಉಳಿಯುವುದಿಲ್ಲ. ನೈಟ್‌ಜೆಟ್ಟಿನ ಕುಶೆಟ್‌ನಲ್ಲಿ ಹೆಂಗಸರಿಗೇ ಮೀಸಲಾದ ಕಂಪಾರ್ಟ್‌ಮೆಂಟ್ ಇದೆ, ಬುಕ್ ಮಾಡುವಾಗಲೇ ಅದನ್ನು ಆರಿಸಬೇಕು. ಬಾಗಿಲಿಗೆ ಒಳಗಿನಿಂದ ಚಿಲಕವಿದೆ, ಬೋಗಿ ನೋಡಿಕೊಳ್ಳಲು ಸಿಬ್ಬಂದಿ ಇರುತ್ತಾರೆ. ಈ ಹಾದಿಯಲ್ಲಿ 2023ರ ಡಿಸೆಂಬರಿನಿಂದ ಹೊಸ ರೈಲುಗಳು ಬಂದಿವೆ. ಅವುಗಳಲ್ಲಿ ಒಬ್ಬೊಬ್ಬರಿಗೇ ಮುಚ್ಚಿಕೊಳ್ಳುವ ಪುಟ್ಟ ಗೂಡಿನಂಥ ಮಿನಿ ಕ್ಯಾಬಿನ್ ಇದೆ. ಕಾರ್ಡು ತೋರಿಸಿದರೆ ತೆರೆದುಕೊಳ್ಳುವ ಬೀಗ, ಓದುವ ದೀಪ, ಫೋನಿಗೆ ಚಾರ್ಜ್. ಎತ್ತರದವರಿಗೆ, ಇಕ್ಕಟ್ಟು ಆಗದವರಿಗೆ ಬೇಡ. ನಿಮ್ಮ ಮಗಳ ವಯಸ್ಸಿಗೆ ಸರಿಹೋದೀತು. ಪಾಸ್‌ಪೋರ್ಟು, ದುಡ್ಡು, ಫೋನು ದಿಂಬಿನ ಕೆಳಗಲ್ಲ, ಮೈಮೇಲೆ ಇರಲಿ.

ಅವಳಿಗೆ ಇನ್ನೊಂದು ಮಾತು ಹೇಳಿ. ಜರ್ಮನಿಯ ರೈಲು ಅಂದರೆ ಗಡಿಯಾರ ಅನ್ನುವ ಕಾಲ ಹೋಯಿತು. 2024ರಲ್ಲಿ ಅಲ್ಲಿನ ದೂರದ ರೈಲುಗಳಲ್ಲಿ ಹೊತ್ತಿಗೆ ಸರಿಯಾಗಿ ಬಂದವು ಶೇ. 62.5, ಅದೂ ಆರು ನಿಮಿಷದೊಳಗಿನ ತಡವನ್ನು ತಡವೆಂದೇ ಎಣಿಸದೆ. ಎಲ್ಲಾದರೂ ರೈಲು ಬದಲಿಸುವುದಿದ್ದರೆ ಬಿಡಿಬಿಡಿ ಟಿಕೆಟ್ ಬೇಡ, ಇಡೀ ಹಾದಿಗೆ ಒಂದೇ ಟಿಕೆಟ್ ಇರಲಿ. ಮೊದಲ ರೈಲು ತಡವಾಗಿ ಎರಡನೆಯದು ತಪ್ಪಿದರೆ ಮುಂದಿನ ರೈಲಿನಲ್ಲಿ ಹೋಗುವ ಹಕ್ಕು ಆಗ ಅವಳಿಗಿರುತ್ತದೆ. ತಲುಪುವುದು ಒಂದು ಗಂಟೆ ತಡವಾದರೆ ಟಿಕೆಟ್ ದರದ ಕಾಲುಭಾಗ, ಎರಡು ಗಂಟೆಯಾದರೆ ಅರ್ಧ ವಾಪಸ್ ಕೇಳಬಹುದು. ವಿಪರೀತ ಹವಾಮಾನದಂಥ ಕಾರಣವಿದ್ದರೆ ಮಾತ್ರ ಕೊಡಲಿಕ್ಕಿಲ್ಲ.

ರಾತ್ರಿ ರೈಲಿನ ನಿಜವಾದ ತೊಂದರೆ ಕಳ್ಳರಲ್ಲ, ಕಾಣೆಯಾಗುವ ಬೋಗಿ. ಒಮ್ಮೆ ನಾನು ಸ್ಲೀಪರ್ ಟಿಕೆಟ್ ಹಿಡಿದು ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದೆ, ರೈಲು ಬಂತು, ನನ್ನ ಬೋಗಿ ಬರಲಿಲ್ಲ. ಕೆಟ್ಟಿದೆಯಂತೆ, ಬದಲಿ ಇಲ್ಲವಂತೆ. ಬೆಳಗಿನವರೆಗೆ ಸೀಟಿನಲ್ಲಿ ಕೂತು ಬಂದೆ. ಯಾವ ಸಂಸ್ಥೆಯೆಂದು ಬೇಡ, ಈ ರೋಗ ಒಬ್ಬರದಲ್ಲ. ಹಾಗಾದರೆ ರೈಲಿನ ಸಿಬ್ಬಂದಿಯಿಂದ ಅಲ್ಲೇ ಬರೆಸಿಕೊಳ್ಳಬೇಕು; ದರದ ವ್ಯತ್ಯಾಸ ವಾಪಸ್ ಪಡೆಯಲು ಆ ಚೀಟಿ ಬೇಕಾಗುತ್ತದೆ. ಅದಕ್ಕೇ ಹೇಳುವುದು: ಊರಿಗೆ ಮರಳುವ ವಿಮಾನದ ಹಿಂದಿನ ರಾತ್ರಿ ಮಾತ್ರ ಯಾವ ರಾತ್ರಿ ರೈಲನ್ನೂ ನಂಬಬಾರದು.

● ಪ್ಯಾರಿಸ್–ವಿಯೆನ್ನಾ ರಾತ್ರಿ ರೈಲಿನ ಬಗ್ಗೆ ಓದಿದ್ದೆ. ಈಗ ಹುಡುಕಿದರೆ ಸಿಗುತ್ತಿಲ್ಲ.
— ಧಾರವಾಡದ ಓದುಗರು

ಸಿಗುವುದಿಲ್ಲ. 2021ರ ಡಿಸೆಂಬರಿನಲ್ಲಿ ಸಡಗರದಿಂದ ಶುರುವಾದದ್ದು 2025ರ ಡಿಸೆಂಬರಿನಲ್ಲಿ ನಿಂತಿತು. ಫ್ರಾನ್ಸ್ ಸರ್ಕಾರ ಕೊಡುತ್ತಿದ್ದ ಸಹಾಯಧನ ನಿಲ್ಲಿಸಿತು, ಅದಿಲ್ಲದೆ ಓಡಿಸಲಾಗದು ಎಂದು ಆಸ್ಟ್ರಿಯಾದವರು ಕೈಚೆಲ್ಲಿದರು. ಪ್ಯಾರಿಸ್–ಬರ್ಲಿನ್ ರೈಲಿಗೂ ಅದೇ ಗತಿಯಾಯಿತು. ಆ ಹಾದಿಯನ್ನು ತಾನು ಓಡಿಸುವುದಾಗಿ ಯೂರೋಪಿಯನ್ ಸ್ಲೀಪರ್ ಎಂಬ ಸಣ್ಣ ಸಂಸ್ಥೆ ಮುಂದೆ ಬಂದಿದೆ.

ರಾತ್ರಿ ರೈಲಿನ ಹಣಕಾಸು ಕಷ್ಟದ್ದು. ಹಗಲು ರೈಲಿನ ಒಂದು ಬೋಗಿಯಲ್ಲಿ ಎಂಬತ್ತು ಜನ ಕೂರುವ ಜಾಗದಲ್ಲಿ ಸ್ಲೀಪರ್ ಬೋಗಿ ಹಿಡಿಸುವುದು ಅದರ ಅರ್ಧಕ್ಕಿಂತ ಕಡಿಮೆ ಜನರನ್ನು. ಹಗಲಿನ ಬೋಗಿ ದಿನಕ್ಕೆ ಮೂರು ನಾಲ್ಕು ಸಲ ಟಿಕೆಟ್ ಮಾರುತ್ತದೆ, ರಾತ್ರಿಯದು ಒಂದೇ ಸಲ. ದಾಟಿದ ಪ್ರತಿ ದೇಶಕ್ಕೂ ಹಳಿಯ ಬಾಡಿಗೆ, ಹಾಸಿಗೆ ಒಗೆಯುವ ಖರ್ಚು, ರಾತ್ರಿ ಪಾಳಿಯ ಸಂಬಳ ಬೇರೆ. ಜರ್ಮನ್ ರೈಲ್ವೆ 2016ರಲ್ಲಿ ತನ್ನ ರಾತ್ರಿ ರೈಲುಗಳನ್ನೇ ಕೈಬಿಟ್ಟಿತು. ಆಗ ಅದರಲ್ಲಿ ಹಲವನ್ನು ಕೊಂಡು ಉಳಿಸಿದ್ದು ನಮ್ಮ ವಿಯೆನ್ನಾದವರೇ. (ನಮ್ಮ ಅಂದುಬಿಟ್ಟೆ, ಅಭ್ಯಾಸ.)

ನಿಮಗೆ ನನ್ನ ಸಲಹೆ: ಪ್ಯಾರಿಸ್‌ನಿಂದ ವಿಯೆನ್ನಾಕ್ಕೆ ಹಗಲಿನಲ್ಲಿ ಒಂದೇ ಉಸಿರಿಗೆ ಬರಬೇಡಿ, ಇಡೀ ದಿನ ಹೋಗುತ್ತದೆ. ಸ್ಟ್ರಾಸ್‌ಬೂರ್ಗ್ ಅಥವಾ ಸಾಲ್ಸ್‌ಬುರ್ಗ್‌ನಲ್ಲಿ ಒಂದು ರಾತ್ರಿ ಇಳಿದುಕೊಳ್ಳಿ. ಅಷ್ಟು ಸಮಯವಿಲ್ಲದಿದ್ದರೆ ವಿಮಾನ ಹಿಡಿಯಿರಿ, ಎರಡು ಗಂಟೆ.

● ಲಂಡನ್‌ನಿಂದ ಪ್ಯಾರಿಸ್‌ಗೆ ವಿಮಾನದ ಟಿಕೆಟ್ ಯೂರೋಸ್ಟಾರ್‌ಗಿಂತ ಎಷ್ಟೋ ಅಗ್ಗ. ಆದರೂ ನೀವು ರೈಲೇ ಅನ್ನುತ್ತೀರಾ?
— ಬೆಂಗಳೂರಿನ ಓದುಗರು

ಅನ್ನುತ್ತೇನೆ, ಕೈಚೀಲ ಒಂದೇ ಇದ್ದರೆ ಮಾತ್ರ ಸುಮ್ಮನಿರುತ್ತೇನೆ. ನಡುವೆ ಕಡಲಿದೆ, ನಿಮ್ಮ ಸೂತ್ರದಂತೆ ಹಾರಬೇಕಲ್ಲ ಅನ್ನಬೇಡಿ. 1994ರಿಂದ ಈ ಕಡಲ ಕೆಳಗೆ 50 ಕಿ.ಮೀ. ಸುರಂಗವಿದೆ. ಊರ ನಡುವಿನ ಸೇಂಟ್ ಪ್ಯಾಂಕ್ರಸ್‌ನಿಂದ ಊರ ನಡುವಿನ ಗಾರ್ ದು ನೋರ್‌ಗೆ ಎರಡೂಕಾಲು ಗಂಟೆಯ ಸುಮಾರು. ಅಗ್ಗದ ವಿಮಾನದ ದರಕ್ಕೆ ಲಂಡನ್ ಹೊರಗಿನ ವಿಮಾನ ನಿಲ್ದಾಣದ ರೈಲು ಖರ್ಚು, ಸೂಟ್‌ಕೇಸಿನ ಖರ್ಚು, ಆ ಕಡೆ ಇಳಿದ ಮೇಲಿನ ಬಸ್ಸಿನ ಖರ್ಚು ಸೇರಿಸಿ ಆಮೇಲೆ ಹೇಳಿ. ಇಳಿಯುವ ಜಾಗದ ಹೆಸರನ್ನೂ ನೋಡಿಕೊಳ್ಳಿ. ಪ್ಯಾರಿಸ್ ಎಂದು ಟಿಕೆಟ್ ಮಾರುವ ಬೋವೆ ವಿಮಾನ ನಿಲ್ದಾಣ ಪ್ಯಾರಿಸ್‌ನಿಂದ ಸುಮಾರು 80 ಕಿ.ಮೀ. ದೂರ. ಫ್ರಾಂಕ್‌ಫರ್ಟ್ ಹಾನ್ ಅನ್ನುವುದೂ ಇದೇ ಮನೆತನದ್ದು, ಇನ್ನೂ ದೂರ.

ಯೂರೋಸ್ಟಾರ್‌ಗೂ ವಿಮಾನದಂತೆ ಮುಂಚೆ ಹೋಗಬೇಕು, ಇದು ಮರೆಯಬೇಡಿ. ಫ್ರಾನ್ಸ್‌ನ ಪೊಲೀಸರು ಲಂಡನ್ ನಿಲ್ದಾಣದಲ್ಲೇ ಕೂತು ಷೆಂಗೆನ್ ವೀಸಾ ನೋಡುತ್ತಾರೆ. 2025ರ ಅಕ್ಟೋಬರಿನಿಂದ ಬೆರಳಚ್ಚು, ಫೋಟೋ ದಾಖಲಿಸುವ ಹೊಸ ವ್ಯವಸ್ಥೆಯೂ ಬಂದಿದೆ. ಒಂದೂಕಾಲು ಗಂಟೆ ಮೊದಲೇ ಅಲ್ಲಿರಿ. ವಾಪಸ್ ಲಂಡನ್‌ಗೆ ಹೋಗುವುದಿದ್ದರೆ ಬ್ರಿಟನ್ ವೀಸಾ ಮತ್ತೆ ಒಳಬರಲು ಬಿಡುತ್ತದೆಯೇ ಎಂದು ಹೊರಡುವ ಮೊದಲು ನೋಡಿಕೊಳ್ಳಿ.

ನೀವು ಪತ್ರದ ಕೊನೆಗೆ ಕೇಳಿದ ಉಪ್ಪಿನಕಾಯಿ ವಿಷಯ: ವಿಮಾನದ ಕೈಚೀಲದಲ್ಲಿ ಅದೂ ದ್ರವವೇ, ಹಲವು ವಿಮಾನ ನಿಲ್ದಾಣಗಳಲ್ಲಿ ಈಗಲೂ 100 ಮಿಲಿಲೀಟರಿನ ಲೆಕ್ಕಕ್ಕೆ ಬರುತ್ತದೆ. ರೈಲಿನಲ್ಲಿ ಆ ಲೆಕ್ಕವಿಲ್ಲ, ಭರಣಿ ಸಮೇತ ಬನ್ನಿ. ಚಟ್ನಿಪುಡಿಗೆ ಎರಡೂ ಕಡೆ ತೊಂದರೆಯಿಲ್ಲ. ತುಪ್ಪದ ಡಬ್ಬಿ ಮಾತ್ರ ಲಂಡನ್ನಿನಲ್ಲೇ ಬಿಡಿ. ಯುರೋಪಿಯನ್ ಒಕ್ಕೂಟದೊಳಕ್ಕೆ ಹೊರಗಿನಿಂದ ಹಾಲಿನ ಪದಾರ್ಥ ತರುವಂತಿಲ್ಲ.

● ಮ್ಯಾಡ್ರಿಡ್‌ನಿಂದ ಲಿಸ್ಬನ್?
— ಕಾರ್ಡಿನಲ್ಲಿ ಇಷ್ಟೇ ಬರೆದ ಉಡುಪಿಯ ಓದುಗರು

ವಿಮಾನ. ರಾತ್ರಿ ರೈಲು 2020ರ ಮಾರ್ಚಿನಲ್ಲಿ ನಿಂತದ್ದು ಮತ್ತೆ ಶುರುವಾಗಿಲ್ಲ. ಎರಡು ರಾಜಧಾನಿಗಳ ನಡುವೆ ಹಗಲಲ್ಲೂ ನೇರ ರೈಲಿಲ್ಲ. ಗಡಿಯಲ್ಲಿ ಬದಲಿಸುತ್ತಾ ಹೋದರೆ ದಿನ ಮುಗಿಯುತ್ತದೆ. ಹಾರಿದರೆ ಒಂದೂಕಾಲು ಗಂಟೆ, ಎರಡೂ ಕಡೆ ಮೆಟ್ರೋ ವಿಮಾನ ನಿಲ್ದಾಣದೊಳಕ್ಕೇ ಬರುತ್ತದೆ. ಪೋರ್ಚುಗಲ್ಲಿನ ಗಡಿಯಾರ ಒಂದು ಗಂಟೆ ಹಿಂದೆ. ಬಾರ್ಸಿಲೋನಾ–ಮ್ಯಾಡ್ರಿಡ್‌ಗೆ ಮಾತ್ರ ಹಾರಿದರೆ ನನಗೆ ಸಿಟ್ಟು ಬರುತ್ತದೆ. 600 ಕಿ.ಮೀ. ಮೇಲಿನ ದೂರವನ್ನು ರೈಲು ಎರಡೂವರೆ–ಮೂರು ಗಂಟೆಯಲ್ಲಿ ಮುಗಿಸುತ್ತದೆ. ಅಲ್ಲಿ ಬ್ಯಾಗನ್ನು ಎಕ್ಸ್‌ರೇಗೆ ಹಾಕುತ್ತಾರೆ, ಅರ್ಧ ಗಂಟೆ ಮೊದಲು ಹೋಗಿ.

● ಮಕ್ಕಳಿಗೆ ಎಂಟು ಮತ್ತು ಹನ್ನೊಂದು ವರ್ಷ. ರೋಮ್‌ನಿಂದ ಸಿಸಿಲಿಗೆ ಹೋಗಬೇಕು. ನಡುವೆ ಕಡಲಿದೆ, ವಿಮಾನ ತಾನೇ?
— ಮೈಸೂರಿನ ಓದುಗರು

ಮಕ್ಕಳಿದ್ದಾರೆ ಅಂದಮೇಲೆ ಬೇಡವೇ ಬೇಡ! ಇಲ್ಲಿ ರೈಲೇ ಹಡಗು ಹತ್ತುತ್ತದೆ. ವಿಲ್ಲಾ ಸಾನ್ ಜೊವಾನ್ನಿ ಎಂಬಲ್ಲಿ ರೈಲನ್ನು ತುಂಡು ಮಾಡಿ, ಹಡಗಿನ ಹೊಟ್ಟೆಯೊಳಗೆ ಹಾಕಿರುವ ಹಳಿಗಳ ಮೇಲೆ ಒಂದೊಂದೇ ತುಂಡನ್ನು ತಳ್ಳುತ್ತಾರೆ. ನೀವು ಬೋಗಿಯಿಂದಿಳಿದು ಮೇಲಿನ ಡೆಕ್ಕಿಗೆ ಹೋಗಿ ಗಾಳಿಗೆ ನಿಲ್ಲಬಹುದು. ಮೆಸ್ಸೀನಾದಲ್ಲಿ ಮತ್ತೆ ಜೋಡಿಸಿಕೊಂಡು ಪಲೆರ್ಮೋ ಕಡೆಗೊಂದು, ಸಿರಾಕೂಸಾ ಕಡೆಗೊಂದು ಭಾಗವಾಗಿ ಹೊರಡುತ್ತದೆ. ಅಲ್ಲಿ ಸೇತುವೆ ಕಟ್ಟುವ ಮಾತು ದಶಕಗಳಿಂದ ನಡೆದಿದೆ. ಕಟ್ಟಿದ ಮೇಲೆ ಈ ಆಟ ಮುಗಿಯಿತು, ಅದಕ್ಕೆ ಮುಂಚೆ ತೋರಿಸಿಬಿಡಿ.

ರಾತ್ರಿ ರೈಲೂ ಇದೆ, ಆದರೆ ಅದಕ್ಕಿಂತ ಹಗಲಿನ ಇಂಟರ್‌ಸಿಟಿ ಮೇಲು. ಹತ್ತು ಹನ್ನೊಂದು ಗಂಟೆಯ ಪ್ರಯಾಣ ನಿಜ; ನೇಪಲ್ಸ್ ದಾಟಿದ ಮೇಲೆ ಬಹಳ ಹೊತ್ತು ಕಡಲು ಕಿಟಕಿಯ ಪಕ್ಕದಲ್ಲೇ ಬರುತ್ತದೆ, ರೈಲು ಹಡಗು ಹತ್ತುವುದೂ ಬೆಳಕಿನಲ್ಲಿ ಕಾಣುತ್ತದೆ. ವಾಪಸ್ ಬರುವಾಗ ಬೇಕಾದರೆ ಕತಾನಿಯಾದಿಂದ ಹಾರಿ, ನಾನೇನೂ ಅನ್ನುವುದಿಲ್ಲ. ಬುತ್ತಿ ಧಾರಾಳವಾಗಿ ಕಟ್ಟಿಕೊಳ್ಳಿ. ಸಸ್ಯಾಹಾರಿಗಳಾದರೆ ರೋಮ್ ನಿಲ್ದಾಣದಲ್ಲೇ ಬ್ರೆಡ್ಡು, ಚೀಸು, ಹಣ್ಣು.

● ನಾವು ನಾಲ್ವರು ಜ್ಯೂರಿಕ್–ಹ್ಯಾಂಬರ್ಗ್ ರಾತ್ರಿ ರೈಲಿಗೆ ಕುಶೆಟ್ ಮಾಡಿಸಬೇಕೆಂದಿದ್ದೇವೆ. ನಮ್ಮ ಯಜಮಾನರಿಗೆ ಭಾರೀ ಗೊರಕೆ. ಬೇರೆಯವರು ಜಗಳ ತೆಗೆದರೆ?
— ಹೆಸರು ಬೇಡ ಎಂದ ತುಮಕೂರಿನ ಓದುಗರು

ಹಾದಿ ಸರಿಯಾಗಿಯೇ ಆರಿಸಿದ್ದೀರಿ. ಬಾಸೆಲ್ ದಾಟಿದ ಮೇಲೆ ಕತ್ತಲಲ್ಲಿ ಕಳೆದುಕೊಳ್ಳುವಂಥದ್ದು ಹೆಚ್ಚಿಲ್ಲ. ನಾಲ್ವರಿದ್ದೀರಿ, ಹಾಗಾಗಿ ಬಿಡಿ ಬರ್ತ್ ಬೇಡ, ಇಡೀ ಕಂಪಾರ್ಟ್‌ಮೆಂಟನ್ನು ನಿಮ್ಮ ಹೆಸರಿಗೇ ಕೊಡುವ ಖಾಸಗಿ ಟಿಕೆಟ್ ತೆಗೆದುಕೊಳ್ಳಿ, ಹೊರಗಿನವರು ಬರುವುದಿಲ್ಲ. ಯಜಮಾನರಿಗೆ ಮಾತ್ರ ಮೇಲಿನ ಬರ್ತ್ ಕೊಡಬೇಡಿ. ನಡುರಾತ್ರಿ ತಟ್ಟಿ ಮಗ್ಗುಲು ತಿರುಗಿಸಬೇಕೆಂದರೆ ನಿಮ್ಮ ಕೈಗೆಟುಕಬೇಕಲ್ಲ.